ಊರಿಗಾಗಿ ಒಬ್ಬರು ಎಷ್ಟು ಬಿಟ್ಟುಕೊಡಬೇಕು?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈಗ ಸಭೆಗಳಿಗೆ ಬರವಿಲ್ಲ. ಕೇಣಿ, ಕಾಸರಕೋಡಿನಲ್ಲಿ ಬಂದರಿನ ಬಗ್ಗೆ ಸಭೆ. ಶಿರಸಿ, ಯಲ್ಲಾಪುರದ ಕಡೆ ಬೇಡ್ತಿ-ವರದಾ ನದಿ ಜೋಡಣೆಯ ಬಗ್ಗೆ ಸಭೆ. ಅರಣ್ಯ ಅತಿಕ್ರಮಣದ ಬಗ್ಗೆಯಂತೂ ಕೇಳುವುದೇ ಬೇಡ. ವಿಷಯ ಬೇರೆ ಬೇರೆ. ಆದರೆ ಎರಡು ಮಾತು ಎಲ್ಲ ಕಡೆಯೂ ಕೇಳಿಬರುತ್ತವೆ. ಒಂದು, "ಹತ್ತು ಜನರ ಒಳ್ಳೇದಕ್ಕೆ ಒಬ್ಬರು ಬಿಟ್ಟುಕೊಡಬೇಕಪ್ಪ." ಇನ್ನೊಂದು, "ನನ್ನ ಜಾಗ, ನನ್ನ ಬದುಕು. ಹೇಳೋಕೆ ಬೇರೆಯವರು ಯಾರು?"

ಕುಮಟಾ ಕಡೆಯ ಇಂಥದ್ದೇ ಒಂದು ಸಭೆ. ಮುಂದಿನ ಸಾಲಿನ ಒಬ್ಬರು ಎದ್ದು, "ಊರು ಒಪ್ಪಿದೆ" ಎಂದು ಹೇಳಿ ಕೂತರು. ಹಿಂದಿನಿಂದ ಒಬ್ಬ ಹೆಂಗಸು ಕೇಳಿದರು, "ಊರು ಅಂದ್ರೆ ಯಾರು?" ಯಾರೂ ಉತ್ತರ ಕೊಡಲಿಲ್ಲ. ಸಭೆ ಮುಂದಕ್ಕೆ ಹೋಯಿತು.

ನನಗೆ ಆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ವ್ಯಕ್ತಿ ದೊಡ್ಡದಾ, ಸಮುದಾಯ ದೊಡ್ಡದಾ ಎಂದು ಮುನ್ನೂರು ವರ್ಷಗಳಿಂದ ಚರ್ಚೆ ನಡೆದಿದೆ. ಅದರಲ್ಲಿ ಹುಟ್ಟಿದ ಒಳ್ಳೆಯ ವಿಚಾರಗಳು ನಮ್ಮ ಅಳಿವೆಯ ಗಜನಿ ಗದ್ದೆಗೂ ಶಿರಸಿ ಸೀಮೆಯ ಸೊಪ್ಪಿನ ಬೆಟ್ಟಕ್ಕೂ ಚೆನ್ನಾಗಿ ಹೊಂದುತ್ತವೆ. ಅವನ್ನು ಬುಡದಿಂದ ಬಿಡಿಸಿ ಹೇಳುವ ಪ್ರಯತ್ನ ಇದು.

ಮೊದಲು ಮೂರು ಪದ

ಈ ಚರ್ಚೆಯ ಮುಖ್ಯ ಪದ ಉದಾರವಾದ. ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಉದಾರಿ ಅಂದರೆ ನಮಗೆ ಕೈ ಬಿಚ್ಚಿ ಕೊಡುವವರು. ಇಲ್ಲವೇ 1991ರ ಆರ್ಥಿಕ ಉದಾರೀಕರಣ ನೆನಪಾಗುತ್ತದೆ. ರಾಜಕೀಯ ಚಿಂತನೆಯಲ್ಲಿ ಇದರ ಅರ್ಥ ಬೇರೆ. ಎಲ್ಲ ಮನುಷ್ಯರೂ ಸಮಾನರು, ತಾವು ಹೇಗೆ ಬದುಕಬೇಕೆಂದು ತಾವೇ ತೀರ್ಮಾನಿಸಬಲ್ಲರು ಎಂಬ ನಂಬಿಕೆಯಿಂದ ಅದು ಶುರುವಾಗುತ್ತದೆ. ಆದ್ದರಿಂದ ಯಾರಾದರೂ ನಮ್ಮ ಮೇಲೆ ಅಧಿಕಾರ ನಡೆಸುವುದಾದರೆ, ಯಾಕೆ ಎಂದು ಹೇಳುವ ಹೊಣೆ ಅವರದ್ದು. ರಾಜನಾದರೂ ಸರಿ, ಸರ್ಕಾರವಾದರೂ ಸರಿ, ಊರಿನ ಹಿರಿಯರಾದರೂ ಸರಿ. ಇಂಗ್ಲೆಂಡಿನ ಜಾನ್ ಲಾಕ್ 1689ರಲ್ಲಿ ಇದನ್ನೇ ಬರೆದ. ರಾಜನಿಗೆ ಅಧಿಕಾರ ದೇವರಿಂದ ಬಂದದ್ದಲ್ಲ, ಜನರ ಒಪ್ಪಿಗೆಯಿಂದ ಬಂದದ್ದು ಎಂದ.

ಎರಡನೆಯ ಪದ ಸಮುದಾಯ. ನಾವು ಇದನ್ನು ಜಾತಿಗೂ ಬಳಸುತ್ತೇವೆ, ಊರಿಗೂ ಬಳಸುತ್ತೇವೆ. ಕಾರವಾರದಲ್ಲಿ ಮೀನು ಮಾರುವ ಒಬ್ಬ ಹೆಂಗಸನ್ನು ನೋಡಿ. ಮನೆಮಾತಿನಿಂದ ಕೊಂಕಣಿ ಸಮುದಾಯ, ಕಸುಬಿನಿಂದ ಮೀನುಗಾರ ಸಮುದಾಯ, ರಾಜ್ಯದಿಂದ ಕನ್ನಡ ನಾಡಿನವರು, ಜೊತೆಗೆ ಒಂದು ಸ್ವಸಹಾಯ ಸಂಘದ ಸದಸ್ಯೆ. ಎಲ್ಲವೂ ಒಬ್ಬರಲ್ಲೇ. ಇಲ್ಲೊಂದು ವ್ಯತ್ಯಾಸ ಗಮನಿಸಿ. ಅಡಿಕೆ ಮಾರುವ ಸೊಸೈಟಿಗೆ ನಾವು ಶೇರು ಕೊಟ್ಟು ಸೇರುತ್ತೇವೆ, ಬೇಡ ಅಂದರೆ ಬಿಡುತ್ತೇವೆ. ಹುಟ್ಟಿದ ಕೇರಿಯನ್ನು ಹಾಗೆ ಸೇರಿದವರಿಲ್ಲ, ಹಾಗೆ ಬಿಡುವುದೂ ಸುಲಭವಲ್ಲ. ಮುಂದೆ ಇದು ಮತ್ತೆ ಬರುತ್ತದೆ.

ಮೂರನೆಯದು ಸ್ವಾತಂತ್ರ್ಯ. 1958ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಐಸಯಾ ಬರ್ಲಿನ್ ಒಂದು ಉಪನ್ಯಾಸದಲ್ಲಿ ಇದನ್ನು ಎರಡಾಗಿ ಬಿಡಿಸಿದರು. ಯಾರೂ ಅಡ್ಡಿ ಮಾಡದಿರುವುದು ಒಂದು ಬಗೆ. ನನ್ನ ಬದುಕಿಗೆ ನಾನೇ ಯಜಮಾನ ಆಗಿರುವುದು ಇನ್ನೊಂದು ಬಗೆ. ಘಟ್ಟದ ಒಳಗಿನ ಒಂದು ಮಜರೆಯ ಹುಡುಗಿಗೆ ಕಾಲೇಜಿಗೆ ಹೋಗಬೇಡ ಎಂದು ಯಾರೂ ಹೇಳಿಲ್ಲ. ಆದರೆ ಆ ದಾರಿಗೆ ಬಸ್ಸೇ ಇಲ್ಲ. ಮೊದಲ ಅರ್ಥದಲ್ಲಿ ಅವಳು ಸ್ವತಂತ್ರಳು. ಎರಡನೆಯ ಅರ್ಥದಲ್ಲಿ ಅಷ್ಟು ಸುಲಭವಾಗಿ ಹಾಗೆ ಹೇಳಲಾಗದು.

ಹಾಗಾದರೆ ಎರಡನೆಯದೇ ಒಳ್ಳೆಯದಲ್ವಾ? ಬರ್ಲಿನ್ ಅಲ್ಲೇ ಎಚ್ಚರಿಸಿದರು. "ನಿನಗೆ ನಿಜವಾಗಿ ಏನು ಬೇಕು ಅಂತ ನಿನಗಿಂತ ನಮಗೆ ಚೆನ್ನಾಗಿ ಗೊತ್ತು" ಎಂದು ಯಾರೋ ಬಂದು ನಿಲ್ಲಬಹುದು, ಆಮೇಲೆ ಒತ್ತಾಯವನ್ನೇ ಸ್ವಾತಂತ್ರ್ಯ ಎಂದು ಕರೆಯಬಹುದು ಎಂಬುದು ಅವರ ಆತಂಕ. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು" ಎಂಬ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ?

ಗಜನಿಯ ತೂಬು

ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಬದಿಗೆ ಹೋದರೆ ಈ ಇಡೀ ಸಮಸ್ಯೆಯನ್ನು ಕಣ್ಣಿನಲ್ಲೇ ನೋಡಬಹುದು. ಅಲ್ಲಿ ಗಜನಿ ಭೂಮಿಗಳಿವೆ. ಸಮುದ್ರ ಉಬ್ಬುವ ಭರತದ ಹೊತ್ತಿಗೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು ಅವು. ನೀರು ತಡೆಯಲು ಸುತ್ತ ಕಟ್ಟೆ, ನೀರು ಬಿಡಲು ಮತ್ತು ನಿಲ್ಲಿಸಲು ತೂಬಿನ ಹಲಗೆ. ಮಳೆಗಾಲದಲ್ಲಿ ಸಿಹಿನೀರು ತುಂಬಿ ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ.

ಈಗ ಯೋಚಿಸಿ. ಗದ್ದೆಯ ಪಹಣಿ ಒಬ್ಬೊಬ್ಬರದ್ದು. ಕಟ್ಟೆ ಎಲ್ಲರದ್ದು. ಒಬ್ಬರಿಗೆ ಭತ್ತ ಬೇಕು. ಪಕ್ಕದವರಿಗೆ ವರ್ಷವಿಡೀ ಸಿಗಡಿ ಬೇಕು, ದುಡ್ಡು ಅದರಲ್ಲೇ ಜಾಸ್ತಿ. ತೂಬು ಮಾತ್ರ ಒಂದೇ. ಹಲಗೆ ಎತ್ತಿದರೆ ಉಪ್ಪುನೀರು ಬದು ನೋಡಿ ನಿಲ್ಲುವುದಿಲ್ಲ, ಎಲ್ಲರ ಗದ್ದೆಗೂ ಹೋಗುತ್ತದೆ. ಎತ್ತದಿದ್ದರೆ ಸಿಗಡಿ ಬೇಕೆಂದವರ ಆದಾಯ ಹೋಯಿತು. "ಅವರವರ ಜಾಗದಲ್ಲಿ ಅವರವರು ಬೇಕಾದ್ದು ಮಾಡಲಿ" ಎಂಬ ಸರಳ ಉತ್ತರ ಇಲ್ಲಿ ನಡೆಯುವುದಿಲ್ಲ. "ಜಾಸ್ತಿ ಜನ ಹೇಳಿದ್ದು ಆಗಲಿ" ಅಂದರೆ, ಕಗ್ಗವನ್ನೇ ನಂಬಿದ ನಾಲ್ಕು ಬಡ ಮನೆಗಳ ಊಟ ಹೋಗಬಹುದು.

ಇನ್ನು ಮುಂದೆ ಬರುವ ಚಿಂತಕರನ್ನೆಲ್ಲ ಈ ಕಟ್ಟೆಯ ಮೇಲೆ ನಿಲ್ಲಿಸಿಕೊಂಡು ಓದಿ.

ಹಾನಿಯ ಗೆರೆ ಎಲ್ಲಿ ಎಳೆಯುವುದು?

ಮೊದಲ ದೊಡ್ಡ ಉತ್ತರ ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಕೊಟ್ಟದ್ದು, 1859ರಲ್ಲಿ. ಒಬ್ಬರ ಸ್ವಾತಂತ್ರ್ಯಕ್ಕೆ ಸಮಾಜ ಕೈ ಹಾಕಬಹುದಾದ ಒಂದೇ ಕಾರಣ, ಬೇರೆಯವರಿಗೆ ಆಗುವ ಹಾನಿಯನ್ನು ತಡೆಯುವುದು. ಅವರ ಒಳ್ಳೆಯದಕ್ಕೆ ಎಂಬುದು ಸಾಕಾದ ಕಾರಣವಲ್ಲ. ಬುದ್ಧಿ ಹೇಳಿ, ಬೇಡಿಕೊಳ್ಳಿ, ವಾದ ಮಾಡಿ, ಒತ್ತಾಯ ಮಾತ್ರ ಬೇಡ. ಮಿಲ್‌ಗೆ ಸರ್ಕಾರದಷ್ಟೇ ಭಯ ಜನಾಭಿಪ್ರಾಯದ ಮೇಲೂ ಇತ್ತು. ಕಾನೂನು ನಮ್ಮನ್ನು ಕೆಲವು ಕಡೆ ಮಾತ್ರ ಮುಟ್ಟುತ್ತದೆ. "ಜನ ಏನಂತಾರೆ" ಎಂಬುದು ಅಡುಗೆಮನೆಯೊಳಗೂ ಬರುತ್ತದೆ.

ಇದೇ ಮಿಲ್ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಈ ಸ್ವಾತಂತ್ರ್ಯ ಇನ್ನೂ "ಹಿಂದುಳಿದ" ಸಮಾಜಗಳಿಗೆ ಅನ್ವಯಿಸದು ಎಂದೂ ಬರೆದ. ನಮ್ಮನ್ನು ಆ ಪಟ್ಟಿಯಲ್ಲೇ ಇಟ್ಟಿದ್ದ. ವಿಚಾರ ತೆಗೆದುಕೊಳ್ಳುವಾಗ ಇದು ಗೊತ್ತಿರಬೇಕು.

ಹಾನಿ ಅಂದರೇನು ಎಂಬಲ್ಲಿ ಕಷ್ಟ ಶುರುವಾಗುತ್ತದೆ. ನಮ್ಮ ಕರಾವಳಿಯಲ್ಲಿ ರಾಂಪಣಿ ಇತ್ತು. ಒಂದು ಕಿಲೋಮೀಟರ್ ದಾಟುವ ಉದ್ದದ ಬಲೆ. ದಡದಿಂದ ಹತ್ತಾರು ಜನ ಸೇರಿ ಎಳೆಯಬೇಕು. ಬಂಗಡೆ, ತಾರ್ಲೆ ಬಿದ್ದರೆ ಎಲ್ಲರಿಗೂ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡನ್ನು ಸಮುದ್ರದಲ್ಲೇ ಸುತ್ತುಹಾಕಿ ಹಿಡಿಯುವ ಯಂತ್ರದ ದೋಣಿಗಳು. ಹಿಂಡು ದಡಕ್ಕೆ ಬರುವುದೇ ಕಡಿಮೆಯಾಯಿತು. ಕೆಲವೇ ವರ್ಷಗಳಲ್ಲಿ ರಾಂಪಣಿ ಮೂಲೆ ಸೇರಿತು.

ಬೋಟಿನ ಮಾಲೀಕ ಯಾರ ಬಲೆಯನ್ನೂ ಹರಿಯಲಿಲ್ಲ, ಯಾರನ್ನೂ ಹೊಡೆಯಲಿಲ್ಲ. ಸಾಲ ಮಾಡಿ ಬೋಟು ತಂದು ಸಮುದ್ರದಲ್ಲಿ ಮೀನು ಹಿಡಿದ, ಅಷ್ಟೇ. ಇದು ಹಾನಿಯಾ? ಪೈಪೋಟಿಯಲ್ಲಿ ಸೋಲುವುದನ್ನು ಮಿಲ್ ಹಾನಿಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಂಗಡಿಯ ಪಕ್ಕ ಇನ್ನೊಂದು ಅಂಗಡಿ ಬಂದರೆ ಅದನ್ನು ನಿಲ್ಲಿಸಲಾಗುವುದಿಲ್ಲ ಎಂಬ ಹಾಗೆ. ಆದರೆ ಕಡಲಿನ ಮೀನು ಒಬ್ಬರು ದುಡಿದು ಮಾಡಿದ್ದಲ್ಲ. ಅಲ್ಲಿ ಒಬ್ಬರು ಜಾಸ್ತಿ ಎತ್ತಿದರೆ ಇನ್ನೊಬ್ಬರಿಗೆ ಅಷ್ಟು ಕಡಿಮೆ. ನನಗೆ ಅನಿಸುವುದು, ಎಲ್ಲರಿಗೂ ಸೇರಿದ ವಸ್ತುವಿನ ವಿಷಯದಲ್ಲಿ ಮಿಲ್ ಎಳೆದ ಗೆರೆ ಸಾಕಾಗುವುದಿಲ್ಲ. "ನೀನು ಯಾರನ್ನೂ ಮುಟ್ಟಿಲ್ಲ" ಎಂದರೆ ಅಲ್ಲಿ ಪ್ರಶ್ನೆ ಮುಗಿಯದು.

ಜಾಸ್ತಿ ಜನರ ಹಿತ ನೋಡಿದರೆ ಸಾಲದೇ?

"ಹತ್ತು ಜನರಿಗಾಗಿ ಒಬ್ಬ" ಎಂಬ ಮಾತಿಗೆ ತತ್ತ್ವಶಾಸ್ತ್ರದಲ್ಲಿ ಉಪಯುಕ್ತತಾವಾದ ಎಂಬ ಹೆಸರಿದೆ. ಜೆರೆಮಿ ಬೆಂಥಮ್ ಇದರ ಮೂಲಪುರುಷ. ಯಾವುದರಿಂದ ಒಟ್ಟು ಸುಖ ಜಾಸ್ತಿಯೋ ಅದೇ ಸರಿ. ಕೇಳಲು ನ್ಯಾಯವಾಗಿಯೇ ಇದೆ. ತಲೆ ಎಣಿಸುವಾಗ ಎಲ್ಲರನ್ನೂ ಒಂದೇ ಎಂದು ಎಣಿಸುತ್ತದೆ, ಜಮೀನ್ದಾರನಿಗೂ ಒಂದೇ, ಕೂಲಿಗೂ ಒಂದೇ. ಆ ಕಾಲಕ್ಕೆ ಅದು ದೊಡ್ಡ ಮಾತು.

ಆದರೆ ಕೂಡಿಸಿದ ಮೇಲೆ ಮನುಷ್ಯ ಕಾಣದಾಗುತ್ತಾನೆ. ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ಹಿಡಿದದ್ದು ಇದೇ ತಪ್ಪನ್ನು. ಇಡೀ ಸಮಾಜಕ್ಕೆ ಒಳ್ಳೆಯದಾಗುತ್ತದೆ ಎಂಬ ಕಾರಣಕ್ಕೂ ತುಳಿಯಬಾರದ ಒಂದು ಜಾಗ ಪ್ರತಿಯೊಬ್ಬ ವ್ಯಕ್ತಿಗೂ ಇದೆ ಎಂದರು. ನ್ಯಾಯವಾದ ನಿಯಮ ಹುಡುಕಲು ಒಂದು ಉಪಾಯವನ್ನೂ ಹೇಳಿದರು. ಅದಕ್ಕೆ ಅಜ್ಞಾನದ ಪರದೆ ಎಂದು ಹೆಸರು.

ಮಕ್ಕಳಿಗೆ ಒಂದು ಮಾವಿನ ಹಣ್ಣು ಕೊಟ್ಟು ಜಗಳ ತಪ್ಪಿಸಲು ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ಒಬ್ಬ ಕತ್ತರಿಸಬೇಕು, ಇನ್ನೊಬ್ಬ ಮೊದಲು ಆರಿಸಿಕೊಳ್ಳಬೇಕು. ಯಾವ ಹೋಳು ತನ್ನದೆಂದು ಗೊತ್ತಿಲ್ಲದವನು ಸಮನಾಗಿಯೇ ಕತ್ತರಿಸುತ್ತಾನೆ. ರಾಲ್ಸ್ ಇದನ್ನು ಇಡೀ ಸಮಾಜಕ್ಕೆ ಹಿಗ್ಗಿಸಿದರು. ನೀವು ಗಂಡೋ ಹೆಣ್ಣೋ, ಯಾವ ಜಾತಿಯೋ, ನಿಮಗೆ ತೋಟ ಇದೆಯೋ ಇಲ್ಲವೋ, ಯಾವುದೂ ಗೊತ್ತಿಲ್ಲ ಎಂದುಕೊಳ್ಳಿ. ಹಾಗೆ ಕೂತು ನಿಯಮ ಮಾಡಿ. ಗಜನಿಯಲ್ಲಿ ನೀವು ಸಿಗಡಿಯ ಮಾಲೀಕರೋ ಕಗ್ಗದ ಬಡವರೋ ಗೊತ್ತಿಲ್ಲದೆ ತೂಬಿನ ನಿಯಮ ಬರೆಯಿರಿ. ಆಗ ಮೊದಲು ಎಲ್ಲರಿಗೂ ಮೂಲ ಸ್ವಾತಂತ್ರ್ಯಗಳನ್ನು ಸಮನಾಗಿ ಕಾದಿಡುತ್ತೀರಿ. ಆಮೇಲೆ, ಅಂತರ ಇದ್ದರೂ ಅದು ಎಲ್ಲಕ್ಕಿಂತ ಕೆಳಗಿರುವವರಿಗೆ ಲಾಭವಾಗುವ ಹಾಗಿರಲಿ ಎನ್ನುತ್ತೀರಿ. ರಾಲ್ಸ್ ತಲುಪಿದ್ದು ಇಲ್ಲಿಗೆ.

ಮೂರು ವರ್ಷದ ನಂತರ, 1974ರಲ್ಲಿ, ರಾಬರ್ಟ್ ನೋಜಿಕ್ ಇದಕ್ಕೂ ಆಚೆ ಹೋದರು. ನ್ಯಾಯವಾಗಿ ಸಂಪಾದಿಸಿದ್ದನ್ನು ಯಾರ ಹಿತಕ್ಕೂ ಕಿತ್ತುಕೊಳ್ಳಬಾರದು ಎಂಬುದು ಅವರ ವಾದ.

ನಮ್ಮ ಜಿಲ್ಲೆಗೆ ಇದು ಪುಸ್ತಕದ ಮಾತಲ್ಲ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ನಡುವಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟು ಎದ್ದವು. ದೇಶದ ರಕ್ಷಣೆ ಎಂಬ ಕಾರಣ ಸಣ್ಣದಲ್ಲ. ಆದರೆ ಆಗ ನಡೆಯುತ್ತಿದ್ದದ್ದು 1894ರ ಬ್ರಿಟಿಷರ ಕಾಯ್ದೆ. ಅದರಲ್ಲಿ ಜಾಗದವರ ಒಪ್ಪಿಗೆಯನ್ನು ಕೇಳುವ ಕ್ರಮವೇ ಇರಲಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಅದನ್ನು ಬದಲಿಸಿತು. ಖಾಸಗಿ ಕಂಪನಿಗೆ ಭೂಮಿ ತೆಗೆದುಕೊಳ್ಳುವುದಾದರೆ ಬಾಧಿತ ಕುಟುಂಬಗಳಲ್ಲಿ ಶೇ 80ರಷ್ಟು ಒಪ್ಪಬೇಕು. ಸರ್ಕಾರ ಮತ್ತು ಖಾಸಗಿ ಸೇರಿದ ಯೋಜನೆಗೆ ಶೇ 70. ಸರ್ಕಾರ ತನ್ನದೇ ಬಳಕೆಗೆ ತೆಗೆದುಕೊಂಡರೆ ಈ ಶರತ್ತು ಇಲ್ಲ. ಶೇ 80 ಎಂಬ ಆ ಸಂಖ್ಯೆಯೇ ಬೆಂಥಮ್‌ಗೂ ರಾಲ್ಸ್‌ಗೂ ನಡುವೆ ಎಳೆದ ಒಂದು ಗೆರೆ. ಅರ್ಧಕ್ಕಿಂತ ಒಬ್ಬರು ಹೆಚ್ಚಾದರೆ ಸಾಲದು, ಆದರೆ ಒಬ್ಬರೇ ಬೇಡ ಅಂದರೆ ನಿಲ್ಲುವುದೂ ಇಲ್ಲ.

ಇದರ ಪಕ್ಕದಲ್ಲಿ ನಮ್ಮದೇ ಇನ್ನೊಂದು ನೆನಪನ್ನು ಇಡಬೇಕು. 1930ರ ದಶಕದ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದ ರೈತರು ತೆರಿಗೆ ಕಟ್ಟದೆ ಜಮೀನು ಜಪ್ತಿಯಾಗಲು ಬಿಟ್ಟರು. ಅವರೂ ಭೂಮಿ ಕಳೆದುಕೊಂಡರು, ಅದೂ ದೇಶಕ್ಕಾಗಿ. ಆದರೆ ಅದು ಅವರು ಮಾಡಿದ ತ್ಯಾಗ. ಒಬ್ಬರಿಂದ ತ್ಯಾಗ ಮಾಡಿಸಿ ಅದಕ್ಕೆ ಅದೇ ಹೆಸರು ಕೊಡುವುದು ಸರಿಯಲ್ಲ.

ಬೇರುಗಳಿಲ್ಲದ ಮನುಷ್ಯ ಇದ್ದಾನೆಯೇ?

1980ರ ಆಸುಪಾಸಿನಲ್ಲಿ ರಾಲ್ಸ್ ಮೇಲೆ ಬೇರೆ ದಿಕ್ಕಿನಿಂದ ಟೀಕೆ ಬಂತು. ಮೈಕಲ್ ಸ್ಯಾಂಡೆಲ್, ಚಾರ್ಲ್ಸ್ ಟೇಲರ್, ಆಲಸ್ಡೇರ್ ಮ್ಯಾಕಿಂಟೈರ್, ಮೈಕಲ್ ವಾಲ್ಜರ್ ಮುಂತಾದವರದ್ದು. ಇವರನ್ನು ಸಮುದಾಯವಾದಿಗಳು ಎಂದು ಕರೆಯುವುದು ರೂಢಿ.

ಇವರ ಪ್ರಶ್ನೆ ತುಂಬ ಸರಳ. ಪರದೆಯ ಹಿಂದೆ ಕೂತ ಆ ಮನುಷ್ಯ ಯಾರು? ಅವನಿಗೆ ಅಪ್ಪ ಅಮ್ಮ ಇಲ್ಲ, ಭಾಷೆ ಇಲ್ಲ, ದೇವರಿಲ್ಲ, ಊರಿಲ್ಲ. ಅಂಥವನು ಏನನ್ನು ತಾನೇ ಬೇಕು ಅಂದಾನು? ಟೇಲರ್ ಹೇಳಿದ್ದು ಇನ್ನೂ ಆಳಕ್ಕೆ ಹೋಗುತ್ತದೆ. ಆಯ್ಕೆ ಮಾಡುವ ಶಕ್ತಿ ನಮಗೆ ಹುಟ್ಟಿನಿಂದ ಬಂದದ್ದಲ್ಲ, ಒಂದು ಸಮಾಜ ಅದನ್ನು ನಮ್ಮಲ್ಲಿ ಬೆಳೆಸಿದೆ. ನನಗೆ ಇದು ಮಾತಿನ ಉದಾಹರಣೆಯಿಂದ ಅರ್ಥವಾಯಿತು. "ನನಗೆ ಊರಿನ ಈ ಪದ್ಧತಿ ಬೇಡ" ಎಂದು ಹೇಳಬೇಕಾದರೂ ಒಂದು ಭಾಷೆ ಬೇಕು. ಆ ಭಾಷೆಯನ್ನು ಕೊಟ್ಟದ್ದು ಅದೇ ಊರು.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅಲ್ಲಿ ಒಬ್ಬೊಬ್ಬರು ತಮ್ಮ ಲಾಭ ನಷ್ಟ ಲೆಕ್ಕ ಹಾಕಿ ಒಪ್ಪಂದಕ್ಕೆ ಬಂದದ್ದೆಂದು ಹೇಳಿದರೆ ಅರ್ಧ ಸತ್ಯ ಮಾತ್ರ. ಅವರ ಬಾಯಲ್ಲಿ "ನಮ್ಮ ಕಾಡು" ಎಂಬ ಮಾತು ಮೊದಲೇ ಇತ್ತು. ಕೆಲವು ಒಳಿತುಗಳು ಒಬ್ಬೊಬ್ಬರ ಪಾಲು ಕೂಡಿಸಿದರೆ ಸಿಗುವುದಿಲ್ಲ, ಒಟ್ಟಿಗೆ ಇದ್ದರೆ ಮಾತ್ರ ಇರುತ್ತವೆ. ಜಾತ್ರೆ ಹಾಗೆ, ಯಕ್ಷಗಾನ ಹಾಗೆ, ಕಾಡೂ ಹಾಗೆ. ಸಮುದಾಯವಾದಿಗಳ ಬಲ ಇರುವುದು ಇಲ್ಲಿ.

ಉದಾರವಾದಿಗಳು ಇದನ್ನು ಒಪ್ಪಿಕೊಂಡೇ ಒಂದು ಮಾತು ಸೇರಿಸಿದರು. ಬೇರು ಊರಿನಲ್ಲೇ ಇರಲಿ. ಆದರೆ ಬೇರು ಇದೆ ಎಂಬ ಕಾರಣಕ್ಕೆ ಅಲುಗಾಡಬಾರದು ಎಂದಾಗಬಾರದು. ನಾನು ಎಲ್ಲಿಂದ ಬಂದೆನೋ ಅದನ್ನು ಪ್ರಶ್ನಿಸುವ, ಬೇಕಾದರೆ ತಿದ್ದುವ ಹಕ್ಕು ನನಗೆ ಇರಬೇಕು.

ಬೇಲಿ ಯಾವುದು, ಬೀಗ ಯಾವುದು?

ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ವಿಚಾರ ಕೆನಡಾದ ವಿಲ್ ಕಿಮ್ಲಿಕಾ ಅವರದ್ದು. 1995ರಲ್ಲಿ ಅವರು ಸಮುದಾಯದ ಹಕ್ಕುಗಳನ್ನು ಎರಡಾಗಿ ಬೇರ್ಪಡಿಸಿದರು. ಒಂದು, ಹೊರಗಿನ ಬಲಾಢ್ಯರಿಂದ ಸಮುದಾಯವನ್ನು ಕಾಯುವ ಹಕ್ಕು. ಇನ್ನೊಂದು, ತನ್ನ ಒಳಗಿನವರನ್ನೇ ಕಟ್ಟಿಹಾಕುವ ಹಕ್ಕು. ನಾನು ಇವನ್ನು ಬೇಲಿ ಮತ್ತು ಬೀಗ ಎಂದು ನೆನಪಿಟ್ಟುಕೊಂಡಿದ್ದೇನೆ. ತೋಟಕ್ಕೆ ಬೇಲಿ ಹಾಕುವುದು ಹಂದಿ ಒಳಗೆ ಬಾರದಿರಲಿ ಎಂದು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದರೆ ಒಳಗಿನವರು ಹೊರಬರಲಾರರು. ಬೇಲಿಯನ್ನು ಉದಾರವಾದಿಗಳು ಒಪ್ಪಬಹುದು, ಬೀಗವನ್ನು ಒಪ್ಪಬಾರದು ಎಂಬುದು ಕಿಮ್ಲಿಕಾ ವಾದ.

ನಮ್ಮ ಜಿಲ್ಲೆಯ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅದು ಬೇಲಿ. ಸಂಖ್ಯೆಯಲ್ಲಿ ಸಣ್ಣ ಸಮುದಾಯವೊಂದು ಎಲ್ಲರ ಜೊತೆ ಒಂದೇ ಗೆರೆಯಿಂದ ಓಡಲಾರದು ಎಂದು ಒಪ್ಪಿಕೊಂಡು ಕೊಟ್ಟ ರಕ್ಷಣೆ.

ಬೀಗಕ್ಕೆ ಉದಾಹರಣೆ ಬಹಿಷ್ಕಾರ. ನನ್ನ ದೂರದ ಒಬ್ಬ ಅತ್ತೆ ಬೇರೆ ಜಾತಿಯವರನ್ನು ಮದುವೆಯಾದರು. ಯಾರೂ ಅವರನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಮದುವೆಗೆ ಕರೆ ಇಲ್ಲ, ಶ್ರಾದ್ಧಕ್ಕೆ ಕರೆ ಇಲ್ಲ. ಅವರ ಅಮ್ಮ ತೀರಿಕೊಂಡಾಗಲೂ ಅತ್ತೆ ಅಂಗಳದವರೆಗೆ ಮಾತ್ರ ಬಂದು ಹೋದರು. ಅಂಗಳದ ತುದಿಯಲ್ಲಿ ನಿಂತಿದ್ದ ಅವರನ್ನು ನಾನು ಮರೆತಿಲ್ಲ. "ನಮ್ಮ ಮನೆಗೆ ಯಾರನ್ನು ಕರೆಯಬೇಕು ಎಂಬುದು ನಮ್ಮ ಸ್ವಾತಂತ್ರ್ಯ" ಎಂದು ಒಬ್ಬೊಬ್ಬರಾಗಿ ಎಲ್ಲರೂ ಹೇಳಬಹುದು. ಆದರೆ ಇಡೀ ಊರು ಸೇರಿ ಹಾಗೆ ಮಾಡಿದಾಗ ಅದರ ತೂಕ ಬೇರೆ.

ಕಾನೂನಿಗೂ ಇದು ಕಷ್ಟದ ಗಂಟು. 1949ರಲ್ಲಿ ಬಾಂಬೆ ಪ್ರಾಂತ್ಯ ಬಹಿಷ್ಕಾರ ತಡೆ ಕಾಯ್ದೆ ತಂದಿತು. ಆಗ ನಮ್ಮ ಜಿಲ್ಲೆಯೂ ಬಾಂಬೆಗೇ ಸೇರಿತ್ತು, 1956ರವರೆಗೆ. ದಾವೂದಿ ಬೋಹ್ರಾ ಸಮುದಾಯದ ಧರ್ಮಗುರುಗಳು ಅದನ್ನು ಪ್ರಶ್ನಿಸಿದರು. 1962ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಕಾಯ್ದೆಯನ್ನು ರದ್ದು ಮಾಡಿತು. ಸದಸ್ಯರನ್ನು ಹೊರಗೆ ಹಾಕುವುದು ಧರ್ಮದ ಒಳಗಿನ ವಿಷಯ ಎಂದಿತು. ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಮಾತ್ರ ಒಪ್ಪಲಿಲ್ಲ. ಹೊರಗೆ ಹಾಕಿಸಿಕೊಂಡವರ ನಾಗರಿಕ ಹಕ್ಕು ಮತ್ತು ಗೌರವವನ್ನು ಕಾಯುವ ಕಾಯ್ದೆ ಇದು ಎಂದು ಅವರು ಬರೆದರು. 2023ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಅಷ್ಟರಲ್ಲಿ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಬೇರೆಯದೇ ಕಾಯ್ದೆ ಮಾಡಿತ್ತು.

"ಬೇಡವಾದರೆ ಬಿಟ್ಟು ಹೋಗಲಿ" ಎಂಬ ಉತ್ತರವೂ ಇದೆ. ಹೊರಹೋಗುವ ಹಕ್ಕು ಇದ್ದರೆ ಸಾಕು ಎನ್ನುವ ಚಿಂತಕರಿದ್ದಾರೆ. ಸ್ತ್ರೀವಾದಿ ಚಿಂತಕಿ ಸೂಸನ್ ಓಕಿನ್ ಇದಕ್ಕೆ ಬಲವಾದ ಆಕ್ಷೇಪ ಎತ್ತಿದರು. ಸಮುದಾಯದ ನಿಯಮಗಳ ಭಾರ ಹೆಚ್ಚಾಗಿ ಹೆಂಗಸರ ಮೇಲೆ ಬೀಳುತ್ತದೆ. ಬಿಟ್ಟು ಹೋಗುವುದು ಅವರಿಗೇ ಅತಿ ಕಷ್ಟ. ಹೆಸರಿನಲ್ಲಿ ಜಾಗವಿಲ್ಲ, ಕೈಯಲ್ಲಿ ದುಡ್ಡಿಲ್ಲ, ಹೋಗಲು ಮನೆಯಿಲ್ಲ. ಬಾಗಿಲು ತೆರೆದಿದೆ ಎಂದು ಹೇಳುವ ಮೊದಲು ಬಾಗಿಲಿನಾಚೆ ಮೆಟ್ಟಿಲು ಇದೆಯೇ ಎಂದು ನೋಡಬೇಕು.

ಸಂವಿಧಾನ ಯಾರನ್ನು ಘಟಕ ಎಂದಿತು?

1948ರ ನವೆಂಬರ್ 4ರಂದು ಅಂಬೇಡ್ಕರ್ ಕರಡು ಸಂವಿಧಾನವನ್ನು ಸಭೆಯ ಮುಂದಿಟ್ಟರು. ಹಳ್ಳಿಯನ್ನು ಆಡಳಿತದ ಘಟಕ ಮಾಡಬೇಕಿತ್ತು ಎಂದು ಗಾಂಧಿಯ ದಾರಿಯ ಹಲವರು ದೂರಿದ್ದರು. ಅಂಬೇಡ್ಕರ್ ಮುಲಾಜಿಲ್ಲದೆ ಉತ್ತರಿಸಿದರು. ಹಳ್ಳಿ ಎಂದರೆ ಸಂಕುಚಿತ ಮನಸ್ಸಿನ, ಅಜ್ಞಾನದ, ಕೋಮುಭಾವದ ಬಿಲ, ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡದ್ದು ತನಗೆ ಸಂತೋಷ ಎಂದರು.

ಹಳ್ಳಿಯನ್ನು ಪ್ರೀತಿಸುವ ನಮಗೆ ಈ ಮಾತು ಚುಚ್ಚುತ್ತದೆ. ಆದರೆ ಯಾವ ಕೇರಿಯಿಂದ ನೋಡಿದರೆ ಹಳ್ಳಿ ಹಾಗೆ ಕಾಣುತ್ತದೆ ಎಂದು ಕೇಳಿಕೊಂಡರೆ ಅವರ ಮಾತು ಅರ್ಥವಾಗುತ್ತದೆ. ಬಾವಿಯ ನೀರು ಮುಟ್ಟಬಾರದು ಎಂದದ್ದೂ "ಊರೇ" ಅಲ್ವಾ?

ಹಾಗೆಂದು ಸಂವಿಧಾನ ಸಮುದಾಯವನ್ನು ಕೈಬಿಡಲಿಲ್ಲ. ಅದೇ ತಿಂಗಳು ಗ್ರಾಮ ಪಂಚಾಯಿತಿಯ ವಿಧಿ ಸೇರಿತು, ಇಂದಿನ 40ನೇ ವಿಧಿ. 25ನೇ ವಿಧಿ ವ್ಯಕ್ತಿಗೆ ಧರ್ಮದ ಸ್ವಾತಂತ್ರ್ಯ ಕೊಟ್ಟರೆ, 26ನೇ ವಿಧಿ ಧಾರ್ಮಿಕ ಪಂಗಡಗಳಿಗೆ ಕೊಟ್ಟಿತು. 29 ಮತ್ತು 30ನೇ ವಿಧಿಗಳು ಭಾಷೆ, ಲಿಪಿ, ಸಂಸ್ಕೃತಿಯನ್ನೂ ಅಲ್ಪಸಂಖ್ಯಾತರ ಶಾಲೆಗಳನ್ನೂ ಕಾಯುತ್ತವೆ. ಮುನ್ನುಡಿಯಲ್ಲಿ ಭ್ರಾತೃತ್ವದ ಮಾತು ಬರುವಲ್ಲಿ ವ್ಯಕ್ತಿಯ ಗೌರವ ಮೊದಲು ಬರುತ್ತದೆ, ರಾಷ್ಟ್ರದ ಏಕತೆ ಆಮೇಲೆ.

ಬೆಟ್ಟ, ಕಾಡು ಮತ್ತು ಎರಡು ಬಗೆಯ ಹಕ್ಕು

ಶಿರಸಿ ಸೀಮೆಯ ಸೊಪ್ಪಿನ ಬೆಟ್ಟ ಗೊತ್ತಲ್ಲ, ಅಡಿಕೆ ತೋಟಕ್ಕೆ ಹಾಕುವ ಸೊಪ್ಪು ತರುವ ಕಾಡು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಬ್ರಿಟಿಷ್ ಕಾಲದ ಲೆಕ್ಕ. ಜಾಗ ಸರ್ಕಾರದ್ದು, ಸೊಪ್ಪು ತೋಟದವರದ್ದು. ಪೂರ್ತಿ ಖಾಸಗಿಯೂ ಅಲ್ಲ, ಪೂರ್ತಿ ಎಲ್ಲರದ್ದೂ ಅಲ್ಲ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ, ಎಲ್ಲರದ್ದಾದ ಜಾಗ ಯಾರದ್ದೂ ಅಲ್ಲದಾಗಿ ಹಾಳಾಗುತ್ತದೆ ಎಂದು ವಾದಿಸಿದ. ಎಲಿನಾರ್ ಆಸ್ಟ್ರಮ್ ಲೋಕದ ಹಲವು ಕಡೆಯ ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆಗಳನ್ನು ನೋಡಿ, ಹಾಗೇ ಆಗಬೇಕೆಂದಿಲ್ಲ ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಗೌರವ ಪಡೆದ ಮೊದಲ ಮಹಿಳೆ ಅವರು. ಗಡಿ ಸ್ಪಷ್ಟವಿರಬೇಕು, ತಪ್ಪಿಗೆ ಸಣ್ಣ ದಂಡದಿಂದ ಶುರುವಾಗಬೇಕು, ನಿಯಮ ಯಾರಿಗೆ ತಟ್ಟುತ್ತದೋ ಅವರಿಗೆ ಅದನ್ನು ಬದಲಿಸುವುದರಲ್ಲಿ ಪಾಲಿರಬೇಕು. ಹೀಗಿದ್ದಲ್ಲಿ ಜನ ಒಟ್ಟಾಗಿ ಕಾದುಕೊಳ್ಳುತ್ತಾರೆ. ಕೊನೆಯ ಶರತ್ತನ್ನು ನಮ್ಮ ಬೆಟ್ಟಕ್ಕೆ ಹಿಡಿದು ನೋಡಿದರೆ ಒಂದು ಕೊರತೆ ಕಾಣುತ್ತದೆ. ತೋಟ ಇಲ್ಲದವರಿಗೆ ಬೆಟ್ಟವೂ ಇಲ್ಲ. ಸೊಪ್ಪು ಹೊರುವ ಕೈಗೆ ಆ ನಿಯಮದಲ್ಲಿ ಮಾತಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಈ ಚರ್ಚೆಯ ಎರಡೂ ತುದಿಗಳನ್ನು ಒಂದೇ ಪುಸ್ತಕದಲ್ಲಿ ಕಟ್ಟಿತು. ವ್ಯಕ್ತಿಗೆ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿ ಮಾಡುತ್ತಿದ್ದ ಜಾಗದ ಹಕ್ಕು, ಗರಿಷ್ಠ 4 ಹೆಕ್ಟೇರ್. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ನಮ್ಮಲ್ಲಿ ಬಹಳ ಜನ ಒದ್ದಾಡುತ್ತಿರುವುದು ಈ ದಾಖಲೆಗಾಗಿಯೇ. ಸಮುದಾಯಕ್ಕೆ, ಉಪ್ಪಾಗೆ, ಜೇನಿನಂಥ ಕಿರು ಉತ್ಪನ್ನ, ಮೇವು, ಕೆರೆ ಹೊಳೆಯ ಮೀನು, ಜೊತೆಗೆ ತನ್ನ ಕಾಡನ್ನು ಕಾಯುವ ಮತ್ತು ನಿರ್ವಹಿಸುವ ಹಕ್ಕು.

ವ್ಯಕ್ತಿಗೆ ಕೊಟ್ಟ ಹಕ್ಕು ಮಕ್ಕಳಿಗೆ ಹೋಗುತ್ತದೆ, ಆದರೆ ಮಾರುವಂತಿಲ್ಲ. ಮಾರಲಾಗದ್ದು ಎಂಥ ಒಡೆತನ ಎಂದು ನೋಜಿಕ್ ಕೇಳಿಯಾರು. ಮಾರಬಹುದಾದರೆ ನಾಳೆ ಹೊರಗಿನ ದುಡ್ಡು ಬಂದು ಎಲ್ಲವನ್ನೂ ಕೊಂಡುಕೊಳ್ಳುತ್ತದೆ ಎಂಬುದು ಇನ್ನೊಂದು ಕಡೆಯ ಉತ್ತರ. ಅದು ಬೇಲಿ. ಮದುವೆಯಾದವರಿಗೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಆಗಬೇಕು ಎಂದೂ ಕಾಯ್ದೆ ಹೇಳುತ್ತದೆ. ಅದು ಬೀಗ ತೆಗೆಯುವ ಕೆಲಸ.

ಇನ್ನು ಕುಮಟಾದ ಸಭೆಯಲ್ಲಿ ಆ ಹೆಂಗಸು ಕೇಳಿದ ಪ್ರಶ್ನೆ. ಊರು ಅಂದ್ರೆ ಯಾರು? ಈ ಕಾಯ್ದೆಯಲ್ಲಿ ಅದಕ್ಕೊಂದು ಉತ್ತರ ಬರೆದಿದ್ದಾರೆ. ಹಕ್ಕಿನ ಅರ್ಜಿ ಮೊದಲು ಬರಬೇಕಾದದ್ದು ಗ್ರಾಮಸಭೆಗೆ, ಗ್ರಾಮಸಭೆ ಅಂದರೆ ಆ ಊರಿನ ಎಲ್ಲ ವಯಸ್ಕರು. ಯಜಮಾನರು ಮಾತ್ರ ಅಲ್ಲ, ಪಹಣಿ ಇದ್ದವರು ಮಾತ್ರ ಅಲ್ಲ. ಅವರಲ್ಲಿ ಕನಿಷ್ಠ ಅರ್ಧದಷ್ಟು ಜನ ಬರಬೇಕು. ಬಂದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. ಅಷ್ಟು ಜನ ಸೇರದಿದ್ದರೆ, ಮುಂದಿನ ಸಾಲಿನಲ್ಲಿ ಯಾರು ಎದ್ದು ಏನೇ ಹೇಳಲಿ, ಕಾನೂನಿನ ಲೆಕ್ಕದಲ್ಲಿ ಊರು ಇನ್ನೂ ಸಭೆಗೆ ಬಂದಿಲ್ಲ.